ಶಂಖ: ಕೊಳ್ಳುವ ಮೊದಲು, ಕೊಂಡ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ರಥಬೀದಿಯಲ್ಲಿ ಪೂಜಾ ಸಾಮಗ್ರಿ ಕೊಳ್ಳಲು ಬಂದವರು, ಮಂಗಳೂರಿನಲ್ಲಿ ಹೊಸ ಮನೆಯ ಒಕ್ಕಲಿಗೆ ಸಿದ್ಧತೆ ಮಾಡಿಕೊಳ್ಳುವವರು, ಅಜ್ಜನ ಕಾಲದ ಶಂಖವನ್ನು ಪೆಟ್ಟಿಗೆಯಿಂದ ಹೊರತೆಗೆದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕೆಲವು ಉತ್ತರಗಳು ಉದ್ದವಾಗಿವೆ. ಹೆಚ್ಚು ಹಣ ಕಳೆದುಕೊಳ್ಳುವುದು, ಹೆಚ್ಚು ಶಂಖಗಳು ಹಾಳಾಗುವುದು ಆ ವಿಷಯಗಳಲ್ಲೇ.

ದೇವರ ಕೋಣೆಯಲ್ಲಿರುವ ಶಂಖ ನಿಜಕ್ಕೂ ಒಂದು ಪ್ರಾಣಿಯದೇ?

ಹೌದು. ಅದು ಕಡಲ ಬಸವನಹುಳುವೊಂದರ ಚಿಪ್ಪು. ವಿಜ್ಞಾನದಲ್ಲಿ ಅದರ ಹೆಸರು ಟರ್ಬಿನೆಲ್ಲಾ ಪೈರಮ್. ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ 1767ರಲ್ಲಿ ಅದನ್ನು ವರ್ಣಿಸಿದ. ಮೃದ್ವಂಗಿಗಳ ಗುಂಪಿಗೆ ಸೇರಿದ ಈ ಪ್ರಾಣಿ ತನ್ನ ಮೈಯ ಅಂಚಿನಿಂದ ಸುಣ್ಣದ ಅಂಶವನ್ನು ಸ್ರವಿಸಿ, ಬೆಳೆದಂತೆಲ್ಲ ಚಿಪ್ಪನ್ನೂ ಸುರುಳಿಯಾಗಿ ಬೆಳೆಸುತ್ತದೆ. ಶಂಖದ ತುದಿಯಲ್ಲಿರುವ ಚಿಕ್ಕ ಸುರುಳಿ ಅದರ ಬಾಲ್ಯದ ಮನೆ, ಅಗಲವಾದ ಕೊನೆಯ ಸುತ್ತು ಅದು ಬದುಕಿನ ಕೊನೆಯಲ್ಲಿ ವಾಸಿಸಿದ ಭಾಗ. ಸಾಮಾನ್ಯವಾಗಿ 10ರಿಂದ 15 ಸೆಂಟಿಮೀಟರ್ ಉದ್ದ ಇರುತ್ತದೆ, ಇನ್ನೂ ದೊಡ್ಡವೂ ಸಿಗುತ್ತವೆ.

ಜೀವಂತ ಶಂಖವನ್ನು ಕಂಡರೆ ನೀವು ಗುರುತಿಸಲಾರಿರಿ. ಮೇಲೆಲ್ಲ ಕಂದು ಬಣ್ಣದ ಮಖಮಲ್ಲಿನಂಥ ಪೊರೆ ಹೊದ್ದಿರುತ್ತದೆ. ಅದನ್ನು ತೆಗೆದು, ಉಜ್ಜಿ, ಹೊಳಪು ಕೊಟ್ಟ ನಂತರವೇ ಅಂಗಡಿಯಲ್ಲಿ ಕಾಣುವ ಹಾಲುಬಿಳಿ ಬಣ್ಣ ಹೊರಬರುವುದು.

ತೀರ್ಥ ಸುರಿಯುವ ಉದ್ದನೆಯ ಮೂತಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಪ್ರಾಣಿ ಬದುಕಿದ್ದಾಗ ಅದೇ ಕಾಲುವೆಯ ಮೂಲಕ ಒಂದು ನಳಿಕೆಯನ್ನು ಹೊರಚಾಚಿ ಕಡಲ ನೀರನ್ನು ಒಳಗೆಳೆದುಕೊಳ್ಳುತ್ತಿತ್ತು. ಆ ನೀರು ಕಿವಿರುಗಳಿಗೆ ಉಸಿರು, ಬೇಟೆಯ ವಾಸನೆ ಎರಡನ್ನೂ ತಲುಪಿಸುತ್ತಿತ್ತು. ಶಂಖದಿಂದ ಬಿದ್ದರೆ ತೀರ್ಥ ಎಂಬ ಮಾತು ನಮ್ಮಲ್ಲಿದೆ. ಆ ನೀರು ಹರಿಯುವ ದಾರಿಯನ್ನು ಕೊರೆದದ್ದು ಯಾವ ಕುಶಲಕರ್ಮಿಯೂ ಅಲ್ಲ, ಒಂದು ಹುಳು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಇದು ಮಲ್ಪೆ, ಪಣಂಬೂರು, ಉಳ್ಳಾಲದ ಕಡಲಿನಲ್ಲಿ ಸಿಗುತ್ತದೆಯೇ?

ಅಂಗಡಿಗೆ ಬರುವ ಶಂಖ ಇಲ್ಲಿಯದಲ್ಲ. ಅದರ ಹೆಸರಾಂತ ನೆಲೆಗಳು ತಮಿಳುನಾಡಿನ ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿ, ಶ್ರೀಲಂಕಾದ ಉತ್ತರ ಭಾಗ, ಕೇರಳದ ದಕ್ಷಿಣ ತುದಿ, ಗುಜರಾತಿನ ಕಚ್ಛ್ ಕೊಲ್ಲಿ. ಮರಳು ತುಂಬಿದ, ಹೆಚ್ಚು ಆಳವಿಲ್ಲದ ತಳ ಅದಕ್ಕೆ ಬೇಕು. ತೂತ್ತುಕುಡಿ, ಕೀಳಕ್ಕರೈ, ರಾಮೇಶ್ವರದ ಮುಳುಗುಗಾರರು ತಲೆಮಾರುಗಳಿಂದ ಉಸಿರು ಕಟ್ಟಿ ಮುಳುಗಿ ಅದನ್ನು ಕೈಯಿಂದ ಹೆಕ್ಕಿ ತಂದವರು. ಉಡುಪಿಯಲ್ಲಿ ನೀವು ಕೊಳ್ಳುವ ಶಂಖ ದೇಶದ ಇನ್ನೊಂದು ಅಂಚಿನಿಂದ, ಇನ್ನೊಬ್ಬರ ಶ್ರಮದಿಂದ ಬಂದದ್ದು.

ನಮ್ಮ ತೀರದಲ್ಲಿ ಸಿಗುವುದು ಬೇರೆ ಸಂಪತ್ತು. ಅಳಿವೆಗಳಲ್ಲಿ ಮರುವಾಯಿ, ಬಂಡೆಗಳಲ್ಲಿ ನೀಲಿಕಲ್ಲು, ಟ್ರಾಲ್ ಬಲೆಗಳಲ್ಲಿ ಮೀನಿನೊಂದಿಗೆ ಮೇಲೆ ಬರುವ ಮುಳ್ಳುಮುಳ್ಳಿನ ಮ್ಯೂರೆಕ್ಸ್ ಚಿಪ್ಪುಗಳು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿನ ಕಂಬಕಲ್ಲುಗಳ ನಡುವೆ ಮರಳಿನ ಬದಲು ಚಿಪ್ಪಿನ ಚೂರುಗಳೇ ಹಾಸಿರುವುದನ್ನು ನೋಡಿರುತ್ತೀರಿ. ಅಲ್ಲಿ ಶಂಖವನ್ನು ಹುಡುಕಬೇಡಿ.

ಶಂಖದ ಹುಳು ಏನು ತಿನ್ನುತ್ತದೆ? ಅದರ ಮರಿಗಳು ಹೇಗೆ ಹುಟ್ಟುತ್ತವೆ?

ತೋಟದ ಬಸವನಹುಳುವಿನಂತೆ ಅದು ಎಲೆ ಮೇಯುವುದಿಲ್ಲ. ಶಂಖ ಬೇಟೆಗಾರ. ಮರಳಿನಲ್ಲಿ ಹುದುಗಿರುವ ಕಡಲಹುಳುಗಳನ್ನು ತನ್ನ ಉದ್ದನೆಯ ಸೊಂಡಿಲಿನಿಂದ ಹಿಡಿದು ತಿನ್ನುತ್ತದೆ. ಗಂಡು, ಹೆಣ್ಣು ಬೇರೆ ಬೇರೆ.

ಮೊಟ್ಟೆಯ ವಿಷಯವನ್ನು ಎಲ್ಲರೂ ತಿಳಿಯಬೇಕು ಎಂಬುದು ನನ್ನ ಆಸೆ. ಹೆಣ್ಣು ಶಂಖ ಮೊಟ್ಟೆಗಳನ್ನು ನೀರಿನಲ್ಲಿ ಚೆಲ್ಲುವುದಿಲ್ಲ. ಗಟ್ಟಿ ಚರ್ಮದಂಥ ಚಪ್ಪಟೆ ಕೋಶಗಳನ್ನು ಒಂದರ ಮೇಲೊಂದು ಜೋಡಿಸಿ, ಟಗರಿನ ಕೊಂಬಿನಂತೆ ತಿರುಚಿಕೊಂಡ ಒಂದು ಕಂಬವನ್ನೇ ಕಟ್ಟಿ, ಅದರ ಬುಡವನ್ನು ಮರಳಿನಲ್ಲಿ ಊರುತ್ತದೆ. ಕೋಶಗಳ ಒಳಗೇ ಮರಿಗಳು ಬೆಳೆಯುತ್ತವೆ. ಸಿಗಡಿ, ಸಿಂಪಿ ಮುಂತಾದ ಅನೇಕ ಕಡಲಜೀವಿಗಳ ಎಳೆಮರಿಗಳು ವಾರಗಟ್ಟಲೆ ನೀರಿನಲ್ಲಿ ತೇಲಿ ದೂರದೂರ ಹರಡುತ್ತವೆ. ಶಂಖದ ಮರಿಗೆ ಆ ತೇಲುವ ಹಂತವೇ ಇಲ್ಲ. ಅದು ಪುಟ್ಟ ಚಿಪ್ಪು ಹೊತ್ತುಕೊಂಡೇ ಕೋಶದಿಂದ ಹೊರಬಂದು, ತಾಯಿ ಬದುಕಿದ ಮರಳಿನಲ್ಲೇ ತೆವಳಲು ತೊಡಗುತ್ತದೆ.

ಇದರ ಪರಿಣಾಮ ದೊಡ್ಡದು. ಒಂದು ಜಾಗದ ಶಂಖಗಳನ್ನೆಲ್ಲ ಬಳಿದು ತೆಗೆದರೆ, ಬೇರೆಡೆಯಿಂದ ಮರಿಗಳು ತೇಲಿಬಂದು ಆ ಖಾಲಿ ಜಾಗವನ್ನು ತುಂಬುವುದಿಲ್ಲ. ತಳವನ್ನು ಗೋರುವ ಬಲೆ ಮೊಟ್ಟೆಯ ಕಂಬಗಳನ್ನೂ ಕಿತ್ತು ಹಾಕುತ್ತದೆ. ಮುಳುಗುಗಾರರ ಹಳೆಯ ಪದ್ಧತಿಯಲ್ಲಿ ಶಂಖದ ಅಡ್ಡಳತೆಯನ್ನು ನೋಡಿ, ಚಿಕ್ಕದಾದರೆ ಕಡಲಿಗೇ ಮರಳಿಸುತ್ತಿದ್ದರು. ಅದರ ಹಿಂದಿದ್ದ ವಿವೇಕ ಇದೇ. ಆದ್ದರಿಂದ ಅಂಗೈಗಿಂತ ಚಿಕ್ಕದಾದ ಎಳೆಯ ಶಂಖಗಳನ್ನು ಅಲಂಕಾರಕ್ಕೆಂದು ಕೊಳ್ಳಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಬಲಮುರಿ ಶಂಖ ಎಂದರೇನು? ನಮಗೆ ಒಬ್ಬರು ಮಾರಲು ಬಂದಿದ್ದಾರೆ, ಕೊಳ್ಳಬಹುದೇ?

ಮೊದಲು ಹಿಡಿಯುವ ಕ್ರಮವನ್ನು ತಿಳಿಯಿರಿ. ಇಲ್ಲದಿದ್ದರೆ ಎಲ್ಲವೂ ಗೊಂದಲವಾಗುತ್ತದೆ. ನಮ್ಮ ಸಂಪ್ರದಾಯದಲ್ಲಿ ಶಂಖದ ಮೂತಿಯನ್ನು ಮೇಲಕ್ಕೂ ಸುರುಳಿಯ ತುದಿಯನ್ನು ಕೆಳಕ್ಕೂ ಮಾಡಿ, ಬಾಯಿ ನಮ್ಮತ್ತ ಇರುವಂತೆ ನೋಡುತ್ತಾರೆ. ಹಾಗೆ ಹಿಡಿದಾಗ ಬಾಯಿ ಎಡಕ್ಕೆ ತೆರೆದರೆ ಎಡಮುರಿ, ಬಲಕ್ಕೆ ತೆರೆದರೆ ಬಲಮುರಿ. ವಿಜ್ಞಾನಿಗಳು ಸುರುಳಿಯ ತುದಿಯನ್ನು ಮೇಲೆ ಮಾಡಿ ಹಿಡಿಯುವುದರಿಂದ ಅವರ ಲೆಕ್ಕ ತಿರುವುಮುರುವು. ನಮ್ಮ ಬಲಮುರಿ ಅವರ ಪುಸ್ತಕಗಳಲ್ಲಿ ಎಡಸುತ್ತಿನದು. ಅಂತರ್ಜಾಲದಲ್ಲಿ ಓದಿ ತಲೆ ಕೆಡಿಸಿಕೊಂಡವರ ಗೊಂದಲಕ್ಕೆ ಬಹುಪಾಲು ಇದೇ ಕಾರಣ.

ಈ ಜಾತಿಯ ಶಂಖಗಳೆಲ್ಲ ಹೆಚ್ಚುಕಡಿಮೆ ಎಡಮುರಿಯವೇ. ಹುಟ್ಟಿನಲ್ಲೇ ಸುರುಳಿ ತಿರುಗುಮುರುಗಾಗಿ ಬೆಳೆದ ಶಂಖ ಅತಿ ವಿರಳ. ಅದು ಸಿಕ್ಕಿದ ಮನೆತನಗಳು, ದೇವಸ್ಥಾನಗಳು ಅದನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದಿರುತ್ತವೆ. ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ತಂದು ಮಾರುವಷ್ಟು ಅದು ಎಲ್ಲೂ ಸಿಗುವುದಿಲ್ಲ.

ಹಾಗಾದರೆ ಅವರು ತೋರಿಸುತ್ತಿರುವ, ನಿಜಕ್ಕೂ ಬಲಕ್ಕೆ ತೆರೆಯುವ ಆ ಚಿಪ್ಪು ಯಾವುದು? ಹೆಚ್ಚಿನ ಪ್ರಸಂಗಗಳಲ್ಲಿ ಅದು ಅಮೆರಿಕದ ಅಟ್ಲಾಂಟಿಕ್ ತೀರ ಮತ್ತು ಮೆಕ್ಸಿಕೋ ಕೊಲ್ಲಿಯಲ್ಲಿ ಸಿಗುವ ಲೈಟ್ನಿಂಗ್ ವೆಲ್ಕ್ ಎಂಬ ಬೇರೆಯೇ ಬಸವನಹುಳುವಿನದು. ಆ ಜಾತಿ ಸಹಜವಾಗಿಯೇ ಆ ದಿಕ್ಕಿಗೆ ಸುತ್ತುತ್ತದೆ. ಟೆಕ್ಸಾಸ್ ರಾಜ್ಯ 1987ರಲ್ಲಿ ಅದನ್ನು ತನ್ನ ರಾಜ್ಯದ ಚಿಪ್ಪು ಎಂದು ಘೋಷಿಸಿತು. ಅಲ್ಲಿ ಅದು ಅಪರೂಪದ ವಸ್ತುವಲ್ಲ. ಇಲ್ಲಿ ಮಾತ್ರ ಲಕ್ಷ್ಮಿಯೇ ಮನೆಗೆ ಬಂದಂತೆ ಎಂದು ಹೇಳಿ ಸಾವಿರಗಟ್ಟಲೆ ರೂಪಾಯಿಗೆ ಮಾರುತ್ತಾರೆ.

ಗುರುತಿಸುವುದು ಕಷ್ಟವಲ್ಲ. ಶಂಖದ ಬಾಯಿಯೊಳಗೆ, ಸುರುಳಿ ಸುತ್ತಿಕೊಂಡಿರುವ ನಡುಗಂಬದ ಕಡೆಗೆ ಬೆಳಕು ಬಿಟ್ಟು ನೋಡಿ, ಕಿರುಬೆರಳಿನಿಂದ ತಡವಿ. ನಮ್ಮ ಶಂಖವಾದರೆ ಅಲ್ಲಿ ಮೂರು ಅಥವಾ ನಾಲ್ಕು ದಪ್ಪ ಮಡಿಕೆಗಳು ಅಡ್ಡಡ್ಡವಾಗಿ ಕೈಗೆ ಸಿಗುತ್ತವೆ. ಎಡಮುರಿಯಾದರೂ ಬಲಮುರಿಯಾದರೂ ಆ ಮಡಿಕೆಗಳು ಇದ್ದೇ ಇರುತ್ತವೆ. ಅಮೆರಿಕದ ವೆಲ್ಕ್‌ನಲ್ಲಿ ಆ ಜಾಗ ನುಣುಪು. ಅದರ ಹೆಗಲಿನ ಸುತ್ತ ಗುಬುಟುಗಳಿರುತ್ತವೆ. ಕೆಲವರು ಅವನ್ನು ಉಜ್ಜಿ ಅಳಿಸಿ ಮಾರುತ್ತಾರೆ, ಆದರೆ ಒಳಗೆ ಇಲ್ಲದ ಮಡಿಕೆಯನ್ನು ಯಾರೂ ಹುಟ್ಟಿಸಲಾರರು.

ಅಕ್ಕಿಯಲ್ಲಿ ಹೂತರೆ ತಾನೇ ಮೇಲೇಳುತ್ತದೆ, ನೀರಿನಲ್ಲಿ ಹರಿವಿಗೆ ಎದುರಾಗಿ ಸಾಗುತ್ತದೆ ಎಂಬ ಪರೀಕ್ಷೆಗಳನ್ನು ನಂಬಬೇಡಿ. ಸತ್ತ ಚಿಪ್ಪಿಗೆ ಚಲಿಸುವ ಶಕ್ತಿಯಿಲ್ಲ. ಮೊಬೈಲ್‌ನಲ್ಲಿ ಬಂದ ಚಿತ್ರವನ್ನು ನೋಡಿ ಮುಂಗಡ ಕೊಡಬೇಡಿ. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೆ ಸಾಮಾನ್ಯ ಎಡಮುರಿಯೂ ಬಲಮುರಿಯಾಗಿ ಕಾಣುತ್ತದೆ. ಭಕ್ತಿಯಿಂದ ಬಂದ ಹಿರಿಯರು ಹೀಗೆ ಮೋಸಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಮನೆಯ ಹಿರಿಯರಿಗೆ ಈ ಮಡಿಕೆಯ ಗುರುತನ್ನು ದಯವಿಟ್ಟು ತೋರಿಸಿಕೊಡಿ.

ಪ್ಲಾಸ್ಟರ್ ಅಥವಾ ರಾಳದಲ್ಲಿ ಎರಕ ಹೊಯ್ದ ಶಂಖವನ್ನು ಹೇಗೆ ತಿಳಿಯುವುದು?

ತೂಕ ಮತ್ತು ತಂಪು. ನಿಜವಾದ ಶಂಖ ಗಾತ್ರಕ್ಕೆ ಮೀರಿ ಭಾರವಾಗಿರುತ್ತದೆ, ಮುಟ್ಟಿದರೆ ಕಲ್ಲಿನಂತೆ ತಣ್ಣಗಿರುತ್ತದೆ. ಬಾಯಿಯ ಅಂಚಿಗೆ ಸಮಾನಾಂತರವಾಗಿ ಬೆಳವಣಿಗೆಯ ಸಣ್ಣ ಗೆರೆಗಳು ಕಾಣುತ್ತವೆ. ಎರಕದ್ದರಲ್ಲಿ ಅಚ್ಚಿನ ಸೇರಿಕೆಯ ಗೆರೆ ಎಲ್ಲೋ ಒಂದು ಕಡೆ ಇರುತ್ತದೆ, ಸುರುಳಿ ಒಳಗಿನವರೆಗೆ ಹೋಗದೆ ಮುಚ್ಚಿಕೊಂಡಿರುತ್ತದೆ.

ಪೂಜೆಯ ಶಂಖವನ್ನೇ ಊದಬಹುದೇ?

ಊದುವ ಶಂಖದ ತುದಿಯನ್ನು ಕತ್ತರಿಸಿ ರಂಧ್ರ ಮಾಡಿರುತ್ತಾರೆ. ಅಭಿಷೇಕಕ್ಕೆ, ತೀರ್ಥಕ್ಕೆ ಬಳಸುವ ಶಂಖ ಇಡಿಯಾಗಿರಬೇಕು, ಇಲ್ಲವಾದರೆ ನೀರು ನಿಲ್ಲುವುದಿಲ್ಲ. ಎರಡೂ ಬೇಕಾದವರು ಎರಡನ್ನು ಇಟ್ಟುಕೊಳ್ಳುತ್ತಾರೆ. ಊದಿದ ಶಂಖ ಬಾಯಿಗೆ ತಾಗಿರುವುದರಿಂದ ಅದನ್ನು ಪೂಜೆಗೆ ಬಳಸುವುದಿಲ್ಲ ಎಂಬ ಮಡಿಯ ಪದ್ಧತಿ ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿದೆ.

ಎಷ್ಟು ಜೋರಾಗಿ ಊದಿದರೂ ಬರೀ ಗಾಳಿ ಹೋಗುತ್ತದೆ. ಏಕೆ?

ಜೋರು ಬೇಡ. ಸದ್ದು ಹುಟ್ಟುವುದು ಗಾಳಿಯಿಂದಲ್ಲ, ತುಟಿಗಳ ಕಂಪನದಿಂದ. ತುಟಿಗಳನ್ನು ಬಿಗಿಯಾಗಿ ಸೇರಿಸಿ, ಅವುಗಳ ನಡುವಿನಿಂದ ಗಾಳಿಯನ್ನು ಹೊರಡಿಸಿ ತುಟಿಗಳು ಬರ್ರೆಂದು ನಡುಗುವಂತೆ ಮೊದಲು ಶಂಖವಿಲ್ಲದೆ ಅಭ್ಯಾಸ ಮಾಡಿ. ನಂತರ ಅದೇ ನಡುಗುವ ತುಟಿಗಳನ್ನು ರಂಧ್ರಕ್ಕೆ ಒತ್ತಿ. ಕೆನ್ನೆ ಉಬ್ಬಿಸದೆ ಹೊಟ್ಟೆಯಿಂದ ಗಾಳಿ ಕೊಡಿ. ಒಳಗಿನ ಸುರುಳಿ ಕಹಳೆಯ ಕೊಳವೆಯಂತೆ ಕೆಲಸ ಮಾಡಿ ಆ ಸಣ್ಣ ಕಂಪನವನ್ನು ದೊಡ್ಡದು ಮಾಡುತ್ತದೆ. ದೊಡ್ಡ ಶಂಖದ ಸ್ವರ ತಗ್ಗಿನದು, ಚಿಕ್ಕದರದ್ದು ಎತ್ತರ. ಶಂಖದ ಬಾಯಿಯೊಳಗೆ ಕೈ ತೂರಿಸಿದರೆ ಸ್ವರ ಇಳಿಯುತ್ತದೆ.

ರಂಧ್ರದ ಅಂಚು ಒರಟಾಗಿದ್ದರೆ ತುಟಿ ಕೊಯ್ಯುತ್ತದೆ. ಕೊಳ್ಳುವಾಗ ಬೆರಳಾಡಿಸಿ ನೋಡಿ. ರಕ್ತದೊತ್ತಡ, ಹರ್ನಿಯಾ ಇರುವವರು, ಕಣ್ಣು ಅಥವಾ ಕಿವಿಯ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಊದಬಾರದು.

ಕಿವಿಗೆ ಹಿಡಿದರೆ ಕಡಲಿನ ಮೊರೆತ ಕೇಳುತ್ತದಲ್ಲ?

ಸುತ್ತಲಿನ ಸದ್ದೇ ಅದು. ಚಿಪ್ಪಿನ ಒಳಗಿನ ಪೊಳ್ಳು ಕೆಲವು ಸ್ವರಗಳನ್ನು ಮಾತ್ರ ಆರಿಸಿ ಹೆಚ್ಚಿಸುತ್ತದೆ. ಪೂರ್ತಿ ನಿಶ್ಶಬ್ದವಾದ ಕೋಣೆಯಲ್ಲಿ ಆ ಮೊರೆತ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ದೀಪ, ತಟ್ಟೆಗಳ ಜತೆ ಹುಣಸೆಹುಳಿಯಲ್ಲಿ ಉಜ್ಜಬಹುದೇ?

ಬೇಡವೇ ಬೇಡ. ನಮ್ಮ ಮನೆಗಳಲ್ಲಿ ಶಂಖಗಳು ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಹಬ್ಬದ ಮುನ್ನಾದಿನ ಹಿತ್ತಾಳೆಯ ದೀಪಗಳನ್ನೆಲ್ಲ ಹುಣಸೆಹುಳಿ ಹಚ್ಚಿ ತಿಕ್ಕುವಾಗ ಪಕ್ಕದಲ್ಲಿದ್ದ ಶಂಖಕ್ಕೂ ಅದೇ ಉಪಚಾರ ನಡೆಯುತ್ತದೆ. ಹಿತ್ತಾಳೆ ಫಳಫಳ ಹೊಳೆಯುತ್ತದೆ, ಶಂಖ ಮಂಕಾಗುತ್ತದೆ. ಶಂಖ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಯಾವ ಹುಳಿಯೂ ಅದನ್ನು ಕರಗಿಸುತ್ತದೆ: ಹುಣಸೆ, ನಿಂಬೆ, ವಿನೆಗರ್, ಶೌಚಾಲಯ ತೊಳೆಯುವ ಆಮ್ಲದ ದ್ರಾವಣ. ಹಚ್ಚಿದಾಗ ಏಳುವ ಸಣ್ಣ ಗುಳ್ಳೆಗಳು ಕೊಳೆ ಹೋಗುತ್ತಿರುವ ಗುರುತಲ್ಲ, ಚಿಪ್ಪೇ ಕರಗಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತಿದೆ. ಹಾಗೆ ಹೋದ ಹೊಳಪು ತೊಳೆದರೆ ಮರಳುವುದಿಲ್ಲ.

ಉಗುರುಬೆಚ್ಚಗಿನ ನೀರು, ಸ್ವಲ್ಪ ಮೃದುವಾದ ಸಾಬೂನು, ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ಕುಂಕುಮ, ಗಂಧದ ಕಲೆ ಗಟ್ಟಿಯಾಗಿದ್ದರೆ ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ತಿಕ್ಕಿ. ಪಂಚಾಮೃತದ ಮೊಸರಿನಲ್ಲಿಯೂ ಹುಳಿಯಿದೆ. ಅಭಿಷೇಕ ಮುಗಿದ ಕೂಡಲೇ ಶುದ್ಧ ನೀರಿನಿಂದ ತೊಳೆದು, ಬಾಯಿ ಕೆಳಗೆ ಮಾಡಿ ಒಣಗಿಸಿ. ಒಳಸುರುಳಿಯಲ್ಲಿ ನೀರು ನಿಂತರೆ ವಾಸನೆ ಬರುತ್ತದೆ.

ಮಳೆಗಾಲ ಕಳೆದು ತೆಗೆದು ನೋಡಿದರೆ ಮೇಲೆಲ್ಲ ಬಿಳಿ ಪುಡಿ. ಬೂಷ್ಟು ಹಿಡಿಯಿತೇ?

ಬೂಷ್ಟಾದರೆ ಒರೆಸಿದಾಗ ಹೋಗುತ್ತದೆ, ಕೆಳಗಿನ ಮೈ ನುಣುಪಾಗಿಯೇ ಉಳಿದಿರುತ್ತದೆ. ಒರೆಸಿದ ಮೇಲೆ ಮೈ ಒರಟಾಗಿದ್ದರೆ, ಸಣ್ಣ ಕುಳಿಗಳಿದ್ದರೆ ಅದು ಬೂಷ್ಟಲ್ಲ. ಮರದ ಕಪಾಟು, ರಟ್ಟಿನ ಪೆಟ್ಟಿಗೆಗಳು ಹೊರಸೂಸುವ ಹುಳಿಯ ಆವಿ, ಗಾಳಿಯ ತೇವದೊಂದಿಗೆ ಸೇರಿ ಚಿಪ್ಪನ್ನು ತಿನ್ನುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಇದಕ್ಕೆ ಬೈನ್ ಕಾಯಿಲೆ ಎನ್ನುತ್ತಾರೆ. ಕಾಯಿಲೆ ಎಂದರೂ ರೋಗಾಣುವಿನ ಕೆಲಸವಲ್ಲ, ಬರೀ ರಸಾಯನ ಕ್ರಿಯೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವ ನಮ್ಮ ಊರುಗಳಲ್ಲಿ, ಮುಚ್ಚಿದ ಮರದ ಪೆಟ್ಟಿಗೆ ಶಂಖಕ್ಕೆ ತಕ್ಕ ಜಾಗವಲ್ಲ.

ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ಗಾಳಿಯಾಡುವ ಕಡೆ ಇಡಿ. ದಿನವೂ ಬಳಸುವ ಶಂಖಕ್ಕೆ ಈ ತೊಂದರೆ ಬರುವುದು ಕಡಿಮೆ. ಹೊಳಪಿಗೆಂದು ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಅದು ಕಮಟಾಗಿ ಧೂಳು ಹಿಡಿಯುತ್ತದೆ.

ಬಿರುಕು ಬಿಟ್ಟ ಶಂಖವನ್ನು ಏನು ಮಾಡುವುದು?

ಪೂಜೆಗೆ ಭಿನ್ನವಾದದ್ದನ್ನು ಬಳಸುವುದಿಲ್ಲ, ಹೊಳೆಗೋ ಕಡಲಿಗೋ ಬಿಡುತ್ತಾರೆ. ಬರೀ ಶಂಖವನ್ನು ಬಿಟ್ಟರೆ ಕಡಲಿಗೆ ಯಾವ ಹಾನಿಯೂ ಇಲ್ಲ, ಅದು ನಿಧಾನವಾಗಿ ಸವೆದು ಪುಡಿಯಾಗುತ್ತದೆ. ಪ್ಲಾಸ್ಟಿಕ್ ಚೀಲ, ಹಿತ್ತಾಳೆಯ ಕಟ್ಟು, ಬಣ್ಣದ ದಾರಗಳನ್ನು ಬಿಚ್ಚಿಟ್ಟು ಬಿಡಿ. ರಾಳದ ಶಂಖವನ್ನು ಮಾತ್ರ ನೀರಿಗೆ ಹಾಕಬಾರದು.

ದೊಡ್ಡ ಚಿಪ್ಪುಗಳನ್ನು ಮನೆಯಲ್ಲಿಟ್ಟರೆ ಕಾನೂನಿನ ತೊಂದರೆ ಇದೆಯೇ?

ಯಾವ ಜಾತಿ ಎಂಬುದರ ಮೇಲೆ ನಿಂತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗಳಿಗೆ 2001ರಲ್ಲಿ ಕೆಲವು ಕಡಲ ಮೃದ್ವಂಗಿಗಳನ್ನು ಸೇರಿಸಲಾಯಿತು. ಪೂಜೆಯ ಶಂಖ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಶೋಕೇಸಿನಲ್ಲಿ ಇಡುವ ಆಸೆ ಹುಟ್ಟಿಸುವ ಎರಡು ದೊಡ್ಡ ಚಿಪ್ಪುಗಳು, ಅಂದರೆ ಕೊಂಬುಳ್ಳ ಹೆಲ್ಮೆಟ್ ಚಿಪ್ಪು ಮತ್ತು ಟ್ರೈಟನ್ ಕಹಳೆ ಚಿಪ್ಪು, ಹುಲಿ ಇರುವ ಮೊದಲನೆಯ ಅನುಸೂಚಿಗೇ ಸೇರಿದವು. ಅವುಗಳ ಬೇಟೆ, ಮಾರಾಟಕ್ಕೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸವಿದೆ. ಐದಾರು ಬೆರಳು ಚಾಚಿದಂತಿರುವ ಲ್ಯಾಂಬಿಸ್ ಚಿಪ್ಪುಗಳಲ್ಲೂ ಹಲವನ್ನು ಆಗಲೇ ಪಟ್ಟಿಗೆ ಸೇರಿಸಲಾಗಿತ್ತು. ವಿಶೇಷ ಶಂಖ ಎಂದು ಬೇರೆ ಬೇರೆ ದೇವರ ಹೆಸರಿಟ್ಟು ಮಾರುವ ಚಿಪ್ಪುಗಳನ್ನು ಜಾತಿ ತಿಳಿಯದೆ ಕೊಳ್ಳಬೇಡಿ.

ಟ್ರೈಟನ್‌ಗೆ ಇಷ್ಟು ರಕ್ಷಣೆ ಏಕೆ ಎಂದು ಕೇಳುವವರಿದ್ದಾರೆ. ಹವಳವನ್ನು ತಿಂದು ದಿಬ್ಬಗಳನ್ನೇ ಬರಿದು ಮಾಡುವ ಮುಳ್ಳುಕಿರೀಟ ನಕ್ಷತ್ರಮೀನನ್ನು ಹಿಡಿದು ತಿನ್ನುವ ಕೆಲವೇ ಪ್ರಾಣಿಗಳಲ್ಲಿ ಅದೂ ಒಂದು.

ಲಕ್ಷದ್ವೀಪಕ್ಕೆ ಹೋಗಿಬರುವ ಮಂಗಳೂರಿನವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಅಲ್ಲಿನ ದಡದಲ್ಲಿ ಬಿದ್ದಿರುವ ಹವಳದ ತುಂಡೂ ಕಾಯಿದೆಯ ರಕ್ಷಣೆಯಲ್ಲಿದೆ. ಬಿದ್ದದ್ದನ್ನು ಹೆಕ್ಕಿದೆ ಎಂಬ ಉತ್ತರ ನಡೆಯುವುದಿಲ್ಲ.

ಮಕ್ಕಳು ಕಾಪು, ಸೋಮೇಶ್ವರದ ಕಡಲತಡಿಯಲ್ಲಿ ಚಿಪ್ಪು ಹೆಕ್ಕುತ್ತಾರೆ. ಬಿಡಬಹುದೇ?

ಕೈತುಂಬ ಸವೆದ ಚಿಪ್ಪುಗಳು, ಒಂದೆರಡು ಕಪ್ಪೆಚಿಪ್ಪು, ಅಷ್ಟಕ್ಕೆ ಅಡ್ಡಿಯೇನೂ ಇಲ್ಲ. ಮಕ್ಕಳು ಕಡಲನ್ನು ಪ್ರೀತಿಸಲು ಕಲಿಯುವುದೇ ಹಾಗೆ. ಸುರುಳಿ ಚಿಪ್ಪು ಸಿಕ್ಕಿದರೆ ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಕಾಯಲು ಹೇಳಿ. ಒಳಗಿಂದ ಕಾಲುಗಳು ಹೊರಬಂದರೆ ಅದು ಸನ್ಯಾಸಿ ಏಡಿಯ ಮನೆ, ಅಲ್ಲೇ ಬಿಡಬೇಕು. ಆ ಏಡಿಗೆ ಸ್ವಂತ ಚಿಪ್ಪಿಲ್ಲ. ನಾವು ಒಳ್ಳೆಯ ಖಾಲಿ ಚಿಪ್ಪುಗಳನ್ನೆಲ್ಲ ಹೊತ್ತು ತಂದರೆ ಅದು ಬೆಳೆದಾಗ ಹೋಗಲು ಬೇರೆ ಮನೆ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಶಂಕುವಿನ ಆಕಾರದ, ನುಣುಪಾದ, ಚಂದದ ಚಿತ್ತಾರವಿರುವ ಕೋನ್ ಚಿಪ್ಪು ಜೀವಂತವಾಗಿದ್ದರೆ ಮುಟ್ಟಲೇಬಾರದು. ಅದು ವಿಷದ ಮುಳ್ಳನ್ನು ಚುಚ್ಚುತ್ತದೆ. ಅವುಗಳಲ್ಲಿ ಕೆಲವು ಜಾತಿಗಳ ವಿಷ ಮನುಷ್ಯನನ್ನು ಕೊಲ್ಲಬಲ್ಲದು.

ಶಂಖಭಸ್ಮವನ್ನು ಮನೆಯಲ್ಲೇ ಮಾಡಬಹುದೇ?

ಬೇಡ. ಆಯುರ್ವೇದದಲ್ಲಿ ಆಮ್ಲಪಿತ್ತಕ್ಕೆ ಅದನ್ನು ಕೊಡುತ್ತಾರೆ, ಆದರೆ ಶೋಧನೆ ಮತ್ತು ಪುಟಪಾಕದ ಕ್ರಮವಿದೆ. ಶಂಖವನ್ನು ಸುಮ್ಮನೆ ಸುಟ್ಟರೆ ಸಿಗುವುದು ಬಾಯಿ, ಗಂಟಲನ್ನು ಸುಡುವ ಸುಟ್ಟ ಸುಣ್ಣ. ವೈದ್ಯರು ಬರೆದುಕೊಟ್ಟದ್ದನ್ನೇ ತೆಗೆದುಕೊಳ್ಳಿ.

ಶಂಖ ಪೂಜೆಗಲ್ಲದೆ ಬೇರೆ ಯಾವುದಕ್ಕೆ ಬಳಕೆಯಾಗಿದೆ?

ಬಳೆಗೆ. ಹರಪ್ಪ ನಾಗರಿಕತೆಯ ಕಾಲದಲ್ಲೇ, ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ, ಗುಜರಾತಿನ ನಾಗೇಶ್ವರದಲ್ಲಿ ಇದೇ ಜಾತಿಯ ಶಂಖವನ್ನು ಗರಗಸದಿಂದ ಅಡ್ಡಡ್ಡ ಕೊಯ್ದು ಬಳೆ ಮಾಡುವ ಕಾರ್ಯಾಗಾರಗಳಿದ್ದವು. ಉತ್ಖನನದಲ್ಲಿ ಅರ್ಧ ಕೊಯ್ದ ಚಿಪ್ಪು, ಬಿಸಾಡಿದ ನಡುಗಂಬಗಳು ಸಿಕ್ಕಿವೆ. ಗೋಡೆ ದಪ್ಪ, ಒಳಗೆ ಗಟ್ಟಿ, ಆದ್ದರಿಂದ ಒಂದೇ ಶಂಖದಿಂದ ಹಲವು ಬಳೆ ಸಿಗುತ್ತವೆ. ಬಂಗಾಳದಲ್ಲಿ ಮುತ್ತೈದೆಯರು ಇಂದಿಗೂ ಶಂಖದ ಬಿಳಿ ಬಳೆ ತೊಡುತ್ತಾರೆ. ವಿಷ್ಣುಪುರದ ಕುಶಲಕರ್ಮಿಗಳು, ಢಾಕಾದ ಶಾಂಖಾರಿ ಬಜಾರು ಆ ಕಸುಬಿಗೆ ಹೆಸರಾದವು. ಮನ್ನಾರ್ ಕೊಲ್ಲಿಯಲ್ಲಿ ಹೆಕ್ಕಿದ ಶಂಖಗಳ ಬಹುದೊಡ್ಡ ಪಾಲು ಹೋಗುತ್ತಿದ್ದದ್ದು ದೇವರ ಕೋಣೆಗಳಿಗಲ್ಲ, ಬಂಗಾಳದ ಬಳೆಗಾರರಿಗೆ.

ಬಾಯಿ ಮುಚ್ಚಿಕೊಳ್ಳಲು ಪ್ರಾಣಿ ಬಳಸುವ ಕೊಂಬಿನಂಥ ಕಂದು ಮುಚ್ಚಳವೂ ವ್ಯರ್ಥವಾಗುವುದಿಲ್ಲ, ಧೂಪದ್ರವ್ಯಗಳಲ್ಲಿ ಬಳಕೆಯಾಗುತ್ತದೆ.

ಮನೆಯಲ್ಲಿ ಹಳೆಯ ಶಂಖವಿದೆ. ಗೃಹಪ್ರವೇಶಕ್ಕೆ ಹೊಸದನ್ನೇ ಕೊಳ್ಳಬೇಕೇ?

ಬಿರುಕಿಲ್ಲದಿದ್ದರೆ ಹಳೆಯದೇ ಆಗುತ್ತದೆ. ಮಂಕಾಗಿರುವುದು, ಹಳದಿ ಛಾಯೆ ಬಂದಿರುವುದು ದೋಷವಲ್ಲ. ನೀರು ತುಂಬಿಸಿ ಸ್ವಲ್ಪ ಹೊತ್ತು ಬಟ್ಟೆಯ ಮೇಲೆ ಇಡಿ. ಕೆಳಗೆ ಒದ್ದೆಯಾಗದಿದ್ದರೆ ಸೋರುತ್ತಿಲ್ಲ ಎಂದರ್ಥ. ಅಣ್ಣತಮ್ಮಂದಿರು ಪಾಲಾದಾಗ ಪ್ರತಿ ಮನೆಗೂ ಹೊಸ ಶಂಖ ಬೇಕೆಂದು ಹೊರಡುವ ಮೊದಲು ಅಜ್ಜಿಯರನ್ನು, ದೊಡ್ಡಮ್ಮಂದಿರನ್ನು ಕೇಳಿ ನೋಡಿ. ಬಳಕೆಯಿಲ್ಲದ ಶಂಖ ಅವರ ಪೆಟ್ಟಿಗೆಯಲ್ಲಿ ಇದ್ದರೂ ಇರಬಹುದು.

ಕೊಳ್ಳಲೇಬೇಕಾದರೆ ಹಗಲು ಬೆಳಕಿನಲ್ಲಿ ಕೊಳ್ಳಿ. ಬಾಯಿಯ ಅಂಚು ಕೆತ್ತಿಹೋಗಿದೆಯೇ, ಮೂತಿಯ ತುದಿ ಮುರಿದು ಮೇಣ ತುಂಬಿದ್ದಾರೆಯೇ, ಹುಳು ಕೊರೆದ ಸಣ್ಣ ತೂತುಗಳಿವೆಯೇ ನೋಡಿ. ಒಳಗಿನ ಮಡಿಕೆಗಳನ್ನು ಬೆರಳಿನಿಂದ ತಡವಿ. ಎಲ್ಲಿಂದ ತರಿಸಿದ್ದೆಂದು ಅಂಗಡಿಯವರನ್ನು ಕೇಳಿ. ಊರಿನ ಹೆಸರು ಹೇಳಬಲ್ಲವರ ಅಂಗಡಿಯಲ್ಲಿ ಕೊಳ್ಳುವುದು ಮೇಲು.